ಟ್ರಿಪ್ಪಣ್ಣ

ಅಪ್ಪ ಅವ್ವ ಇಟ್ಟ ಹೆಸರು ಬೇರೆ ಇದೆ. ನಮ್ಮ ಸಭೆಯ ರಜಿಸ್ಟರಿನಲ್ಲಿ ದೀಕ್ಷಾಸ್ನಾನದ ತಾರೀಖಿನ ಸಮೇತ ಬರೆದಿಟ್ಟಿದ್ದಾರೆ. ಆದರೆ ತಿಪ್ಪಣ್ಣಗಳಿಗೆ ಬರವಿಲ್ಲದ ಧಾರವಾಡ ಸೀಮೆಯಲ್ಲಿ, ಬಾಯಿ ಬಿಟ್ಟರೆ ಟ್ರಿಪ್ಪಿನ ಮಾತೇ ಆಡುವ ಮನುಷ್ಯನಿಗೆ ಟ್ರಿಪ್ಪಣ್ಣ ಎಂಬ ಹೆಸರು ಯಾರೂ ಇಡದೆ ತಾನಾಗಿ ಬಂದು ಕೂತಿತು.

ಟ್ರಿಪ್ಪು ಎಂದರೆ ಗೋವಾ, ಊಟಿ ಅಲ್ಲ, ಮಿಷನ್ ಟ್ರಿಪ್ಪು. ಐದು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಯೌವನಸ್ಥರ ಸಂಘದ ಹದಿನಾಲ್ಕು ಮಂದಿ ಗುಳೇದಗುಡ್ಡದ ಕಡೆಯ ಹಳ್ಳಿಗಳಿಗೆ ಹತ್ತು ದಿನ ಹೋಗಿದ್ದೆವು. ಬೆಳಿಗ್ಗೆ ಮಕ್ಕಳಿಗೆ ವಿಬಿಎಸ್ ಎಂಬ ರಜಾಕಾಲದ ಬೈಬಲ್ ಶಾಲೆ, ಸಂಜೆ ಕಿರುನಾಟಕ, ನಡುವೆ ಹೊತ್ತು ಸಿಕ್ಕಾಗ ಒಂದು ಸಣ್ಣ ಗುಡಿಯ ಗೋಡೆಗೆ ಸುಣ್ಣ. ಟ್ರಿಪ್ಪಣ್ಣನಿಗೆ ಆಗಲೇ ನಲವತ್ತು ದಾಟಿತ್ತು. ಯೌವನ ಮುಗಿದರೂ ಸಂಘ ಬಿಡಲು ಮನಸ್ಸಿಲ್ಲದವರಿಗೆಂದೇ ಪ್ರತಿ ಸಂಘದಲ್ಲೂ ಸಲಹೆಗಾರ ಎಂಬ ಹುದ್ದೆ ಇರುತ್ತದೆ. ಮಿಷನರಿ ಕಿಟ್ಟೆಲರು 1853ರಲ್ಲಿ ಈ ನಾಡಿಗೆ ಬಂದು 1894ರಲ್ಲಿ ಕನ್ನಡ ನಿಘಂಟು ಹೊರತಂದರು. ನಮ್ಮ ಟ್ರಿಪ್ಪಣ್ಣ ಹತ್ತೇ ದಿನದಲ್ಲಿ ಎರಡು ಸಾವಿರ ಫೋಟೋ ಹೊರತಂದ. ಗೋಡೆಯ ಸುಣ್ಣ ಮುಂದಿನ ಮಳೆಗಾಲಕ್ಕೇ ಕಳಚಿತು. ವಾಟ್ಸಾಪ್ ಗುಂಪು ಮಾತ್ರ ಇನ್ನೂ ಗಟ್ಟಿ. ಅದರಲ್ಲಿ ಈಗ ಮಾತಾಡುವವನು ಅವನೊಬ್ಬನೇ.

ಆ ಟೀಮಿನಲ್ಲಿ ಮಂಗಳೂರಿನ ಹುಡುಗನೊಬ್ಬನಿದ್ದ. ಧಾರವಾಡಕ್ಕೆ ಓದಲು ಬಂದು ನಮ್ಮ ಸಭೆಗೆ ಹೋಗಿಬಂದು ಮಾಡುತ್ತಿದ್ದವನು. ಇತ್ತೀಚೆಗೆ ಅವನ ಮದುವೆ ಗೊತ್ತಾಯಿತು. ಸೌಜನ್ಯಕ್ಕೆಂದು ಕರೆಯೋಲೆಯ ಫೋಟೋ ಗುಂಪಿಗೆ ಹಾಕಿದ. ಹನ್ನೊಂದು ಮಂದಿ ಹೆಬ್ಬೆರಳು ತೋರಿಸಿ ಕೈ ತೊಳೆದುಕೊಂಡರು. ಟ್ರಿಪ್ಪಣ್ಣ ಅರ್ಧ ಗಂಟೆಯಲ್ಲಿ ಬಸ್ಸಿನ ಎರಡು ಸೀಟು ಕಾದಿರಿಸಿ ನನಗೆ ಫೋನು ಮಾಡಿದ.

"ನಮ್ಮ ಹುಡುಗನ ಲಗ್ನ ಐತ್ರೀ. ನಾವಿಲ್ಲದ ಹೆಂಗ ಆಗ್ತೈತಿ?"

ಆಗುತ್ತಿತ್ತು. ಹೇಳುವ ಧೈರ್ಯ ನನಗೆ ಬರಲಿಲ್ಲ.

ರಾತ್ರಿ ಬಸ್ಸು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಜನರೆಲ್ಲ ಕಂಬಿ ಹಿಡಿದುಕೊಂಡು ದೇವರನ್ನು ನೆನೆಯುತ್ತಿದ್ದರು. ಟ್ರಿಪ್ಪಣ್ಣ ಇತಿಹಾಸ ನೆನೆದ. "1834ಕ್ಕ ಬಾಸೆಲ್ ಮಿಷನ್‌ದವರು ಮಂಗಳೂರಿಗೆ ಬಂದ್ರು, 1837ಕ್ಕ ಅಲ್ಲಿಂದ ಧಾರವಾಡಕ್ಕ. ಈಗ ನಾವು ಧಾರವಾಡದಿಂದ ಮಂಗಳೂರಿಗೆ. ಸಾಲ ತೀರಿಸಾಕ ಹೊಂಟೇವಿ ನೋಡ್ರಿ." ಆ ಮಿಷನರಿಗಳ ಮದುವೆಯ ವಿಚಾರ ಅವನು ಎತ್ತಲಿಲ್ಲ. ಅವರು ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿಯ ಅಪ್ಪಣೆ ಬೇಕಿತ್ತು. ಎಷ್ಟೋ ಜನಕ್ಕೆ ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು, ಮದುಮಗ ಮೊದಲ ಸಲ ಮುಖ ನೋಡುತ್ತಿದ್ದುದು ಇಲ್ಲಿನ ದಡದಲ್ಲಿ. ಕಷ್ಟದ ಕಾಲವೇ. ಆದರೂ ಟ್ರಿಪ್ಪಿನ ಗೆಳೆಯರು ಮದುವೆಗೆ ಬಂದಿಳಿಯುವ ಕಷ್ಟ ಒಂದಿರಲಿಲ್ಲ.

ಅವನ ಸಾಮಾನು ನೋಡಿದರೆ ಮದುಮಗನ ಸೋದರಮಾವ ಹೊರಟಂತಿತ್ತು. ನಾಲ್ಕು ಕಿಲೋ ಫೇಡೆ. ಮದುಮಗಳಿಗೆಂದು ಗುಳೇದಗುಡ್ಡದ ಖಣ. ಕೋಟಿನ ಒಳಗೆ ಹಾಕಿಕೊಳ್ಳಲು, ಐದು ವರ್ಷದಲ್ಲಿ ಹೊಟ್ಟೆಯ ಮೇಲೆ ಅಕ್ಷರಗಳು ಅಗಲವಾಗಿರುವ 'ಟೀಮ್ ಗುಳೇದಗುಡ್ಡ' ಟೀಶರ್ಟು. ಇವೆಲ್ಲಕ್ಕಿಂತ ದೊಡ್ಡದು, ಬಸ್ಸಿನಲ್ಲಿ ರಾತ್ರಿಯಿಡೀ ನನ್ನ ಮೊಣಕಾಲಿಗೆ ತಾಗುತ್ತಿದ್ದ ಕಟ್ಟುಹಾಕಿಸಿದ ಫೋಟೋ. ಟೀಮಿನ ಗುಂಪು ಫೋಟೋ ಅದು. ನಟ್ಟನಡುವೆ ಟ್ರಿಪ್ಪಣ್ಣ, ಕೈಯಲ್ಲಿ ಸುಣ್ಣದ ಬ್ರಷ್ಷು. ಮದುಮಗ ಎಡಗಡೆಯ ಅಂಚಿನಲ್ಲಿ ಒಂದು ಕಿವಿ, ಅರ್ಧ ಭುಜದಷ್ಟು ಇದ್ದ. ನಾನು ಕ್ಯಾಮೆರಾದ ಹಿಂದೆ ಇದ್ದೆ.

ದಾರಿಯುದ್ದಕ್ಕೂ ಮಂಚದ ಕತೆ ಬಂತು. ಆರನೆಯ ರಾತ್ರಿ ಆ ಹುಡುಗನಿಗೆ ವಾಂತಿಭೇದಿಯಾಗಿದ್ದು ನಿಜ. ಟ್ರಿಪ್ಪಣ್ಣನ ಪ್ರಕಾರ ಅವನನ್ನು ಹೊರಸಿನ ಮೇಲೆ ಮಲಗಿಸಿ, ಹೊತ್ತುಕೊಂಡು, ಕತ್ತಲಲ್ಲಿ ನಡೆದು ಆಸ್ಪತ್ರೆ ಮುಟ್ಟಿಸಿದ್ದು. ಮೊದಲ ವರ್ಷ ಆ ದಾರಿ ಎರಡು ಕಿಲೋಮೀಟರ್ ಇತ್ತು. ವರ್ಷಕ್ಕೊಂದರಂತೆ ಬೆಳೆದು ಈಗ ಏಳಾಗಿದೆ. ನನಗೆ ನೆನಪಿರುವಂತೆ ಹುಡುಗ ಊರಿನ ಮೇಷ್ಟ್ರ ಲೂನಾದ ಹಿಂದೆ ಕೂತು ಹೋಗಿ, ಎರಡು ಪೊಟ್ಟಣ ಓಆರ್‌ಎಸ್ ಹಿಡಿದುಕೊಂಡು ಅರ್ಧ ಗಂಟೆಯಲ್ಲಿ ವಾಪಸು ಬಂದ.

ಮಂಗಳೂರಿನ ಗುಡಿಯಲ್ಲಿ ನಾವು ಹಿಂದೆ ಕೂರಬೇಕಿತ್ತು. ಮೊದಲ ಸಾಲಿನಲ್ಲಿ ಮನೆಯವರಿಗೆ ಮಾತ್ರ ಜಾಗ ಎಂದು ಹುಡುಗನೊಬ್ಬ ವಿನಯದಿಂದಲೇ ಹೇಳಿದ. "ನಾವು ಮನಿಯವರಕಿಂತ ಹತ್ತಿರದವರು" ಎಂದು ಟ್ರಿಪ್ಪಣ್ಣ ಎರಡನೆಯ ಸಾಲಿಗೆ ರಾಜಿಯಾದ. ಸಭಾಪಾಲಕರು ಮದುವೆಯ ಕ್ರಮ ಓದುತ್ತಾ, ಇವರಿಬ್ಬರೂ ಕೂಡಬಾರದೆಂಬುದಕ್ಕೆ ನ್ಯಾಯವಾದ ಅಡ್ಡಿ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಲಿ ಎಂಬಲ್ಲಿಗೆ ಬಂದು ನಿಲ್ಲಿಸಿದರು. ಮೂರು ಭಾನುವಾರ ಪ್ರಕಟಣೆ ಓದಿ ಮುಗಿಸಿದ ಮೇಲೆ ಇದು ಬರೀ ಶಾಸ್ತ್ರ, ಯಾರೂ ಉಸಿರಾಡುವುದಿಲ್ಲ. ಸರಿಯಾಗಿ ಆ ಗಳಿಗೆಯಲ್ಲಿ ಟ್ರಿಪ್ಪಣ್ಣ ಎದ್ದು ನಿಂತ.

ಮದುಮಗಳ ಅಜ್ಜಿ ಎದೆ ಹಿಡಿದುಕೊಂಡರು. ಮದುಮಗಳು ಮದುಮಗನನ್ನು ನೋಡಿದಳು. ಆರ್ಗನ್ ನುಡಿಸುವವನು ಕೈ ಮೇಲೆತ್ತಿಯೇ ಉಳಿದ. ಸಭಾಪಾಲಕರು ಕನ್ನಡಕ ಸರಿಮಾಡಿಕೊಂಡು, "ಹೇಳಿ" ಎಂದರು.

"ಏನಿಲ್ರಿ ಅಯ್ಯನವರ, ವಿಡಿಯೋಕ್ಕ ಕಂಬ ಅಡ್ಡ ಬರಾಕತ್ತಿತ್ರಿ."

ಮುಂದೆ ಉಂಗುರ ಬದಲಾಯಿಸಿದ್ದು, ತಾಳಿ ಕಟ್ಟಿದ್ದು ನನಗೆ ಸರಿಯಾಗಿ ಕಾಣಲಿಲ್ಲ. ನಾನು ತಲೆ ತಗ್ಗಿಸಿ ಕೀರ್ತನೆ ಪುಸ್ತಕದ ಪರಿವಿಡಿ ಓದುತ್ತಿದ್ದೆ.

1872ರ ಕಾಯ್ದೆ ಕ್ರೈಸ್ತ ಮದುವೆಗೆ ಬೆಳಿಗ್ಗೆ ಆರರಿಂದ ಸಂಜೆ ಏಳರ ತನಕ ಎಂದು ಹೊತ್ತು ಗೊತ್ತುಮಾಡಿದೆ. ಮದುವೆಯಾದ ಮೇಲಿನ ಭಾಷಣಕ್ಕೆ ಯಾವ ಸರಕಾರವೂ ಹೊತ್ತು ಗೊತ್ತುಮಾಡಿಲ್ಲ. ಹಾಲ್‌ನಲ್ಲಿ ಕೇಕು ಕತ್ತರಿಸಿ, ದ್ರಾಕ್ಷಾರಸ ಹಂಚಿ ಆದ ಮೇಲೆ ನಿರೂಪಕ, ಗೆಳೆಯರಲ್ಲಿ ಯಾರಾದರೂ ಎರಡು ಮಾತು ಆಡಬಹುದು ಎಂದು ತುಳುವಿನಲ್ಲಿ ಹೇಳಿದ. ತುಳು ಬಾರದ ಟ್ರಿಪ್ಪಣ್ಣನಿಗೆ ಅದೊಂದು ಮಾತು ಅರ್ಥವಾಯಿತು. ವೇದಿಕೆ ಹತ್ತಿ, ಕೋಟಿನ ಗುಂಡಿ ಬಿಚ್ಚಿ ಟೀಶರ್ಟು ತೋರಿಸಿ, ಮಂಚದ ಕತೆ ಎತ್ತಿಕೊಂಡ. ವಾಂತಿಭೇದಿಯ ವಿವರ ಒಂದನ್ನೂ ಬಿಡಲಿಲ್ಲ. ಕೋರಿ ರೊಟ್ಟಿಯ ಸಾರಿನ ವಾಸನೆ ಒಳಗೆ ಬರುತ್ತಿತ್ತು; ಜನ ಆ ಕಡೆಯೂ ಈ ಕಡೆಯೂ ಮನಸ್ಸಿಡಲಾರದೆ ಒದ್ದಾಡಿದರು. ಕೊನೆಗೆ ಎಲ್ಲರನ್ನೂ ಎಬ್ಬಿಸಿ ವಿಬಿಎಸ್ಸಿನ ಆಕ್ಷನ್ ಸಾಂಗ್ ಮಾಡಿಸಿದ. ಆಶ್ಚರ್ಯವೆಂದರೆ ಎದೆ ಹಿಡಿದುಕೊಂಡಿದ್ದ ಅಜ್ಜಿಯೇ ಎಲ್ಲರಿಗಿಂತ ಮೊದಲು ಕೈ ಎತ್ತಿ ಕುಣಿದರು.

ಊಟದ ಹೊತ್ತಿಗೆ ಅವನು ಅಡಿಗೆಯವರ ಜೊತೆ ಸೇರಿ ಬಡಿಸುತ್ತಿದ್ದ. ರೊಟ್ಟಿಯ ತಟ್ಟೆ ಹಿಡಿದು, "ಹಪ್ಪಳಾ ಭಾಳ ಚಲೋ ಅದಾವ, ಇನ್ನೊಂದೆರಡು ಹಾಕ್ಕೊಳ್ರಿ" ಎಂದು ಮಂಗಳೂರಿನವರಿಗೇ ಉಪಚಾರ ಮಾಡುತ್ತಿದ್ದ. ಮೂಲೆಯ ಮೇಜಿನಿಂದ ಯಾರೋ "ಇವರು ಯಾರು ಮಾರಾಯ್ರೆ?" ಎಂದದ್ದು ಕೇಳಿಸಿತು. "ಹುಡುಗನ ಜೀವ ಉಳಿಸಿದವರಂತೆ. ಮಂಚ ಹೊತ್ತು ಎಂಟು ಕಿಲೋಮೀಟರ್ ನಡೆದದ್ದಂತೆ."

ಎಂಟು! ನಾನು ಮದುಮಗನ ಹತ್ತಿರ ಹೋದೆ. ಲೂನಾ ಸಂಗತಿ ಅವನಿಗಾದರೂ ನೆನಪಿರಬೇಕಲ್ಲ? ಅವನು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡ. ಮುಖದಲ್ಲಿ ನಿಜವಾದ ಸಂತೋಷವಿತ್ತು.

"ನೀವು ಇಷ್ಟು ದೂರ ಬಂದದ್ದು ತುಂಬಾ ಖುಷಿಯಾಯ್ತು ಅಣ್ಣ. ಟೆಂಪೋ ಈಗಲೂ ನೀವೇ ಓಡಿಸ್ತೀರಾ?"

ನಾನು ಹೂಂ ಎಂದೆ. ಅವನು ಹೆಂಡತಿಗೆ ನನ್ನ ಪರಿಚಯ ಮಾಡಿಸಿದ: ತುಂಬಾ ಒಳ್ಳೆ ಡ್ರೈವರಂತೆ, ಹತ್ತು ದಿನದಲ್ಲಿ ಒಂದು ಸಲವೂ ಹಾರ್ನ್ ಹಾಕಲಿಲ್ಲವಂತೆ. ಅವಳ ತೊಡೆಯ ಮೇಲೆ ಟ್ರಿಪ್ಪಣ್ಣನ ಖಣ ಇತ್ತು. ಮಾತಿನ ನಡುವೆ ಅದರ ಅಂಚನ್ನು ಸವರುತ್ತಿದ್ದಳು. ಕವರಿನಲ್ಲಿ ಐನೂರೊಂದು ರೂಪಾಯಿ ಹಾಕಿ ಹೆಸರು ಬರೆದಿದ್ದೆ. ಆ ಹೆಸರು ಯಾರದೆಂದು ರಾತ್ರಿ ಲೆಕ್ಕ ಬರೆಯುವಾಗ ಅವರು ತಲೆ ಕೆಡಿಸಿಕೊಂಡಿರಬೇಕು.

ವಾಪಸು ಬರುವಾಗ ಟ್ರಿಪ್ಪಣ್ಣನಿಗೆ ಗಂಟಲು ಕಟ್ಟಿತ್ತು. ಕುಂದಾಪುರ, ಭಟ್ಕಳ, ಹೊನ್ನಾವರ, ಒಂದು ಮಾತಿಲ್ಲ. ಅಂಕೋಲೆ ಬಿಟ್ಟು ಘಟ್ಟ ಶುರುವಾದಾಗ ನಾನೇ ಕೇಳಿದೆ.

"ಅಲ್ರೀ, ಆ ಹೊರಸಿನ ಮುಂದಿನ ಕಾಲು ನೀವು ಹಿಡಿದಿದ್ರಿ. ಹಿಂದಿಂದು ಯಾರು ಹಿಡಿದಿದ್ರು?"

ಟ್ರಿಪ್ಪಣ್ಣ ಕತ್ತಲಲ್ಲಿ ನನ್ನ ಮುಖ ನೋಡಿದ. "ನೀವ ಅಲ್ಲೇನ್ರಿ? ಮರತ ಬಿಟ್ರೇನು?"

"ಮರೆಯೋದು ಹೆಂಗ್ರೀ," ಎಂದೆ. "ಎಡಗಡೆ ಭುಜ ಇನ್ನೂ ನೋಯ್ತದ."