ಯಂತ್ರದ ಆತ್ಮಪರೀಕ್ಷೆ

ರಾತ್ರಿ ಮಲಗುವ ಮುನ್ನ ಮನುಷ್ಯನಾದವನು ಅಂದಿನ ತನ್ನ ನಡೆನುಡಿಗಳನ್ನೆಲ್ಲ ತಾನೇ ಪರೀಕ್ಷಿಸಿ ನೋಡಿಕೊಳ್ಳಬೇಕೆಂದು ಹಿರಿಯರು ಉಪದೇಶಿಸುತ್ತ ಬಂದಿದ್ದಾರೆ. ಈ ಉಪದೇಶವನ್ನು ಮೆಚ್ಚಿದವರು ಅನೇಕರು, ನೆರೆಹೊರೆಯವರಿಗೆ ದಾಟಿಸಿದವರು ಇನ್ನೂ ಅನೇಕರು. ಆಚರಿಸಿದವರನ್ನು ಮಾತ್ರ ನಾನು ಬಹುಕಾಲ ಕಾಣಲಿಲ್ಲ. ಕಡೆಗೆ ಕಂಡದ್ದು ಮನುಷ್ಯರಲ್ಲಲ್ಲ, ನನ್ನ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ.

ಕಂಪ್ಯೂಟರುಗಳ ವಂಶಕ್ಕೆ ಈ ಸದಾಚಾರ ಹೊಸದೇನಲ್ಲ. 1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗಲೇ, ಸ್ವಿಚ್ ಹಾಕಿದೊಡನೆ ಅದು ಯಜಮಾನನ ಕೆಲಸಕ್ಕೆ ಕೈಯಿಡುವ ಮೊದಲು ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಂಡು, ಎಲ್ಲವೂ ಕ್ಷೇಮವಾಗಿದ್ದರೆ ಒಮ್ಮೆ ಮಾತ್ರ ಚುಟುಕಾಗಿ ‘ಬೀಪ್’ ಎನ್ನುತ್ತಿತ್ತು. ಸ್ಮರಣಕೋಶದಲ್ಲಿ ದೋಷವಿದ್ದರೆ ತೆರೆಯ ಮೇಲೆ 201 ಎಂದೂ, ಕೀಲಿಮಣೆಯಲ್ಲಿದ್ದರೆ 301 ಎಂದೂ ಬರೆದು ತೋರಿಸುತ್ತಿತ್ತು. ತೆರೆಗೆ ಅಕ್ಷರಗಳನ್ನು ಒದಗಿಸುವ ಕಾರ್ಡೇ ಕೆಟ್ಟಿದ್ದ ಪಕ್ಷದಲ್ಲಿ, ಆ ಸಂಗತಿಯನ್ನು ತೆರೆಯ ಮೇಲೆ ಬರೆಯಲಾಗದೆಂಬ ವಿವೇಕದಿಂದ, ಒಂದು ದೀರ್ಘಧ್ವನಿ ಎರಡು ಹ್ರಸ್ವಧ್ವನಿಗಳಲ್ಲಿ, ಎಂದರೆ ಶುದ್ಧವಾದ ಭಗಣದಲ್ಲಿ, ತನ್ನ ಸಂಕಟವನ್ನು ತೋಡಿಕೊಳ್ಳುತ್ತಿತ್ತು. ಈ ವಿವೇಕವು ಸಂತತಿಗೆಲ್ಲ ಸಮನಾಗಿ ಹಂಚಿಹೋಗಲಿಲ್ಲವೆಂಬುದಕ್ಕೆ ‘ಕೀಬೋರ್ಡ್ ಸಿಕ್ಕಲಿಲ್ಲ, ಮುಂದುವರಿಯಲು ಎಫ್1 ಒತ್ತಿರಿ’ ಎಂದು ಅಪ್ಪಣೆ ಕೊಡಿಸಿದ ಮುಂದಿನ ತಲೆಮಾರಿನ ಯಂತ್ರಗಳೇ ಸಾಕ್ಷಿ.

ನನ್ನ ಲ್ಯಾಪ್‌ಟಾಪಿಗೆ ಬಂದ ವ್ಯಾಧಿ ಹೇಗಿತ್ತೆಂದರೆ, ವಾಕ್ಯವೊಂದು ಕರ್ತೃ ಕರ್ಮಗಳನ್ನು ದಾಟಿ ಕ್ರಿಯಾಪದವನ್ನು ಸೇರುವುದರೊಳಗೆ ತೆರೆ ನೀಲಿಗಟ್ಟಿ, ಬರೆದದ್ದೆಲ್ಲ ಅದೃಶ್ಯವಾಗುತ್ತಿತ್ತು. ದೀರ್ಘವಾಕ್ಯಗಳ ಅಭಿಮಾನಿಯಾದ ನನಗೆ ಇದಕ್ಕಿಂತ ಕ್ರೂರವಾದ ವಿಮರ್ಶೆ ಬೇರೆ ಬೇಕಿರಲಿಲ್ಲ. ಧೂಳೇ ಕಾರಣವೆಂದು ನನ್ನ ಹೆಂಡತಿಯೂ, ವೈರಸ್ಸೆಂದು ಪಕ್ಕದ ಮನೆಯವರೂ ನಿರ್ಣಯಿಸಿದರು. ರಿಪೇರಿ ಅಂಗಡಿಯಾತನು ಅದರ ಮುಚ್ಚಳವನ್ನು ಸಹ ತೆರೆಯದೆ, “ಮದರ್‌ಬೋರ್ಡ್ ಹೋಗಿದೆ ಸಾರ್” ಎಂದನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಮಾತ್ರ ಫೋನಿನಲ್ಲಿ, “ಮಾವ, ಊರವರನ್ನೆಲ್ಲ ಯಾಕೆ ಕೇಳ್ತೀರಿ? ಅದನ್ನೇ ಕೇಳಿ” ಎಂದ.

ಕೇಳುವ ವಿಧಾನವನ್ನೂ ಅವನೇ ಹೇಳಿಕೊಟ್ಟ. ವಿಂಡೋಸ್ ಎಚ್ಚರಗೊಳ್ಳುವುದಕ್ಕೆ ಮೊದಲೇ ನಡೆಯುವ ಪರೀಕ್ಷೆ ಅದು. ಅದರ ವಿಧಿಯನ್ನು ತಯಾರಕರು ಯಂತ್ರದ ಫರ್ಮ್‌ವೇರಿನಲ್ಲಿಯೇ ಅಡಗಿಸಿಟ್ಟಿರುವುದರಿಂದ, ವಿಂಡೋಸ್ ಪೂರ್ತಿಯಾಗಿ ಕೆಟ್ಟು ಕುಳಿತಿದ್ದರೂ ಪರೀಕ್ಷೆಗೆ ಭಂಗವಿಲ್ಲ. ಆದರೆ ಒಳಹೋಗುವ ಬಾಗಿಲು ಮನೆತನಕ್ಕೊಂದು: ಡೆಲ್ ಯಂತ್ರಕ್ಕೆ ಎಫ್12, ಎಚ್‌ಪಿಗೆ ಎಫ್2, ಇಂಟೆಲ್ ಚಿಪ್ಪಿನ ಮ್ಯಾಕಿಗೆ ಡಿ ಅಕ್ಷರ. ಅದನ್ನು ಒತ್ತಲು ದೊರೆಯುವ ಅವಕಾಶವಾದರೋ ಬಹು ಕಿರಿದು. ಪವರ್ ಗುಂಡಿಗೂ ಕಂಪನಿಯ ಲಾಂಛನಕ್ಕೂ ನಡುವಿನ ಆ ಅಲ್ಪಕಾಲ ತಪ್ಪಿತೋ, ವಿಂಡೋಸ್ ನಗುನಗುತ್ತ ಸ್ವಾಗತಿಸುತ್ತದೆ, ಮತ್ತೆ ಮೊದಲಿನಿಂದ.

ಪರೀಕ್ಷೆ ಫ್ಯಾನಿನಿಂದ ಆರಂಭವಾಯಿತು. ಅದು ತನ್ನ ಸಾಮರ್ಥ್ಯದ ಪರಮಾವಧಿಯನ್ನು ಪ್ರದರ್ಶಿಸುತ್ತಿದ್ದಂತೆ ಅಡುಗೆಮನೆಯಿಂದ “ಏನ್ರೀ ಅದು, ಮಿಕ್ಸಿ ಹಾಕಿದ ಹಾಗೆ?” ಎಂಬ ಪ್ರಶ್ನೆ ಬಂದಿತು. ಬಳಿಕ ಬ್ಯಾಟರಿಯು ಹುಟ್ಟಿದಾಗ ತಾನು ಎಷ್ಟು ವಿದ್ಯುತ್ತನ್ನು ಹಿಡಿಯುತ್ತಿದ್ದೆನೆಂದೂ ಈಗ ಎಷ್ಟು ಮಾತ್ರ ಹಿಡಿಯಬಲ್ಲೆನೆಂದೂ ಅಂಕಿಗಳಲ್ಲಿ ಒಪ್ಪಿಸಿತು. ನಿವೃತ್ತಿಯ ಅಂಚಿನಲ್ಲಿರುವ ಅಧಿಕಾರಿ ಇಷ್ಟು ನಿಸ್ಸಂಕೋಚವಾಗಿ ವರದಿ ಬರೆದದ್ದನ್ನು ನಾನು ಕೇಳಿಲ್ಲ. ಅಂಗಗಳಲ್ಲಿ ಸ್ವಲ್ಪ ಗೌಪ್ಯಪ್ರಿಯವಾದದ್ದೆಂದರೆ ಹಾರ್ಡ್ ಡಿಸ್ಕ್. ತನ್ನಲ್ಲೊಂದು ತುಣುಕು ಕೆಟ್ಟರೆ, ಮೊದಲೇ ಮೀಸಲಿರಿಸಿಕೊಂಡ ಬೇರೊಂದು ತುಣುಕಿಗೆ ಅದರ ಕೆಲಸವನ್ನು ಸದ್ದಿಲ್ಲದೆ ವರ್ಗಾಯಿಸಿ, ಮೀಸಲು ಮುಗಿಯುವ ತನಕ ಮರ್ಯಾದೆ ಕಾಯ್ದುಕೊಂಡಿರುವುದು ಅದರ ಸ್ವಭಾವ. ಅದು ಕೂಡ ಅಂದು ಎಷ್ಟು ವರ್ಗಾವಣೆಗಳಾಗಿವೆಯೆಂಬ ಲೆಕ್ಕವನ್ನು ಕೊಟ್ಟು ತೇರ್ಗಡೆಯಾಯಿತು.

ಆಮೇಲೆ ಬಂದುದು ನಾನು ನಿರೀಕ್ಷಿಸದ ಘಟ್ಟ. ತೆರೆಯ ತುಂಬ ಬಣ್ಣಬಣ್ಣದ ಪಟ್ಟಿಗಳನ್ನು ಹರಡಿ, “ಪಟ್ಟಿಗಳು ನಿಮಗೆ ಕಾಣುತ್ತಿವೆಯೆ?” ಎಂದು ಯಂತ್ರವು ನನ್ನನ್ನೇ ಕೇಳಿತು. ಕ್ಷಣಕ್ಕೆ ಕೋಟ್ಯಂತರ ಗಣನೆಗಳನ್ನು ಮಾಡಬಲ್ಲ ಆ ಮಹಾಶಯನಿಗೆ, ತನ್ನ ಮುಖ ಇತರರಿಗೆ ಹೇಗೆ ಕಾಣುತ್ತಿದೆಯೆಂಬುದನ್ನು ತಾನೇ ತಿಳಿಯುವ ಉಪಾಯವಿಲ್ಲ! ಆದುದರಿಂದ ಸಾಕ್ಷಿಯನ್ನು ಕರೆಯುತ್ತದೆ. ಸಾಕ್ಷಿಯು ಕಾಫಿಗೆಂದು ಎದ್ದುಹೋಗಿ ಗಡುವಿನೊಳಗೆ ಉತ್ತರ ಕೊಡದಿದ್ದರೆ, ಕೆಲವು ಯಂತ್ರಗಳಲ್ಲಿ ಅದಕ್ಕೂ ಒಂದು ದೋಷಸಂಖ್ಯೆ ನಮೂದಾಗುತ್ತದೆಯಂತೆ. ನಾನು ಕಟ್ಟುನಿಟ್ಟಾಗಿ ಕುಳಿತು ‘ಹೌದು’ ಎಂದೆ. ಸಭೆಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡುವ ನನ್ನ ಮಿತ್ರರಲ್ಲಿ ಒಬ್ಬರಾದರೂ ನಡುವೆ ನಿಲ್ಲಿಸಿ, “ನಾನು ನಿಮಗೆ ಕೇಳಿಸುತ್ತಿದ್ದೇನೆಯೆ?” ಎಂಬುದರಾಚೆಗೆ, “ಸಾಕೆ?” ಎಂದೂ ವಿಚಾರಿಸಿದ್ದುಂಟೆ?

ಉಳಿದುದು ಸ್ಮರಣಕೋಶದ ದೀರ್ಘಪರೀಕ್ಷೆ. ಪ್ರತಿಯೊಂದು ಕೋಶದಲ್ಲಿಯೂ ಒಂದನ್ನೋ ಸೊನ್ನೆಯನ್ನೋ ಬರೆಯುವುದು, ಓದುವುದು, ಅದಲುಬದಲು ಮಾಡಿ ಪುನಃ ಓದುವುದು. ಒಂದು ಕೋಶದಲ್ಲಿ ಬರೆದದ್ದು ನೆರೆಯ ಕೋಶದ ನೆಮ್ಮದಿಯನ್ನು ಕೆಡಿಸಿತೋ ಎಂದು ಇಣಿಕಿ ನೋಡುವುದು. ಈ ನೀರಸವಾದ ತಪಸ್ಸಿನ ಕೊನೆಗೆ ಕೆಂಪಕ್ಷರಗಳಲ್ಲಿ ಉತ್ತರ ಬಂದಿತು: ರ‍್ಯಾಮ್ ಬರೆದುಕೊಂಡದ್ದನ್ನು ಹಿಂದಿರುಗಿಸುತ್ತಿಲ್ಲ. ಮಿಕ್ಕ ಅಂಗಗಳ ವಿಷಯದಲ್ಲಿ ಯಂತ್ರವು ‘ಆರೋಗ್ಯವಾಗಿವೆ’ ಎಂದು ಜಂಬ ಕೊಚ್ಚಲಿಲ್ಲ. ‘ಈ ಪರೀಕ್ಷೆಯಲ್ಲಿ ದೋಷ ಕಂಡುಬಂದಿಲ್ಲ’ ಎಂದಷ್ಟೇ ಹೇಳಿತು. ವೈದ್ಯರೂ ಜ್ಯೋತಿಷಿಗಳೂ ವಿಮರ್ಶಕರೂ ಗೋಡೆಗೆ ತೂಗುಹಾಕಿಕೊಳ್ಳತಕ್ಕ ವಾಕ್ಯವದು.

ದೋಷಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದೆ. ಆತನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಳೆಯ ರ‍್ಯಾಮ್ ಕಿತ್ತು ಹೊಸದನ್ನು ಕೂಡಿಸಿದನು. ತೆರೆ ಬೆಳಗಿತು, ನೀಲಿ ಮರಳಿ ಬರಲಿಲ್ಲ. “ಮದರ್‌ಬೋರ್ಡ್ ಎಂದಿದ್ದೆಯಲ್ಲಪ್ಪ?” ಎಂದು ಕೇಳಿದೆ. ಆತನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

“ರ‍್ಯಾಮ್ ಇರೋದು ಮದರ್‌ಬೋರ್ಡ್ ಮೇಲೇನೇ ಅಲ್ವಾ ಸಾರ್?” ಎಂದವನೇ ರಸೀದಿ ಹರಿದುಕೊಟ್ಟನು. ಅದರಲ್ಲಿ ರ‍್ಯಾಮಿನ ಬೆಲೆಯ ಕೆಳಗೆ, ಪ್ರತ್ಯೇಕವಾಗಿ, ‘ಪರೀಕ್ಷಾ ಶುಲ್ಕ, 300 ರೂ.’ ಎಂದು ನಮೂದಾಗಿತ್ತು.