ಮಾಳಿಗಿ ಮ್ಯಾಲ ಕಾಕ್‌ಟೇಲ್

ಬೆಂಗಳೂರಿನಿಂದ ಶಿರೂರಿಗೆ ಬಂದ ಮಗ, ಮಾಳಿಗೆಯ ಮೇಲೆ ಕಾಕ್‌ಟೇಲ್ ಪಾರ್ಟಿ ಎಂದು ಘೋಷಿಸಿದ. ಬಜೆಟ್ 2,000 ರೂಪಾಯಿ. ಅದೂ ಅಪ್ಪನದು.

ಅಪ್ಪ: ಎಷ್ಟ ಮಂದಿ?

ಮಗ: 20. ಒಂದ ಬಾಟ್ಲಿ ರಮ್ ಸಾಕು, ಉಳಿದದ್ದು ಬರ್ಫ, ಸೋಡಾ, ನಿಂಬಿಹಣ್ಣು. ಕಾಕ್‌ಟೇಲ್ ಅಂದ್ರ ಬೆರಸೂ ಕಲಾ.

ಅಪ್ಪ: ನಮ್ಮ ಹಾಲಿನವನೂ ಅದ ಕಲಾ ಕಲ್ತಾನ. ಅವಂಗ ಬೈತೀವಿ.

ಕಾಕಾ: ಪಾರ್ಟಿಯೊಳಗ ಸೆರೆ ಹಂಚಾಕ ಅಬಕಾರಿ ಇಲಾಖೆದು ಸಿಎಲ್-5 ಲೈಸೆನ್ಸ್ ಬೇಕು, ಗೊತ್ತೈತಿಲ್ಲೊ?

ಮಗ: ಒಂದ ರಾತ್ರಿಗೆ?

ಕಾಕಾ: ಒಂದ ರಾತ್ರಿಗೆ. ನಿನ್ನ ಬಜೆಟ್ ಅದರ ಫೀಗೂ ಸಾಲಂಗಿಲ್ಲ.

ಅಪ್ಪ: 2007ರಾಗ ಸರಕಾರ ಸರಾಯಿ ನಿಲ್ಲಿಸ್ತು. ನಿಂತದ್ದು ಸರಾಯಿ ಅಷ್ಟ, ಕುಡಿಯೂದಲ್ಲ.

(ಇಸವಿ ಅಪ್ಪನಿಗೆ ಹೇಗೆ ಬಾಯಿಪಾಠವೆಂದು ಯಾರೂ ಕೇಳಲಿಲ್ಲ.)

ಅವ್ವ: ಮಜ್ಜಿಗಿ ಐತಿ, ಬೆಲ್ಲದ ಪಾನಕ ಮಾಡ್ತೀನಿ. ತಿನ್ನಾಕ ಗಿರ್ಮಿಟ್ಟು, ಮಿರ್ಚಿ. ಕಡೀಕ ಅಮೀನಗಡದ ಕರದಂಟು, ತಲಿಗೆ ಅರ್ಧ.

ಮಗ: ಹಂಗಾರ ಮಜ್ಜಿಗಿಗೆ ‘ಮಲಪ್ರಭಾ ಮಿಸ್ಟ್’, ಪಾನಕಕ್ಕ ‘ಘಟಪ್ರಭಾ ಗೋಲ್ಡ್’ ಅಂತ ಬೋರ್ಡ್ ಹಚ್ಚತೀನಿ.

ಅವ್ವ: ಹೆಸರಿಗೆ ರೊಕ್ಕಿಲ್ಲಲ್ಲ? ಹಚ್ಚು.

ಮಗ: ಹಿಂದ ಪರದೆಗೆ ನಿನ್ನ ಇಳಕಲ್ ಸೀರಿ...

ಅವ್ವ: ಆ ಟೋಪ ತೆನಿ ಸೆರಗಿಗೆ ಕೈ ಹಚ್ಚಿದ್ರ ಪಾರ್ಟಿ ಅಲ್ಲ, ಪಂಚಾಯ್ತಿ ಆಕ್ಕೈತಿ.

ಸಂಜೆ ಎಲ್ಲರೂ ಬಂದರು. ಬೋರ್ಡ್ ಓದಿ ಗಂಭೀರರಾದರು. ಕೆಲವರು ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣವನ್ನೂ ಪರೀಕ್ಷಿಸಿದರು. ಮೂರನೇ ‘ಮಿಸ್ಟ್’ಗೆ ಕಾಕಾನ ಕಣ್ಣು ಕೆಂಪಾದವು, ಮೂಗು ಸೋರಿತು.

ಕಾಕಾ: ವೈನಿ, ಖರೇ ಹೇಳ್ರಿ, ಇದರಾಗ ಏನ್ ಹಾಕೀರಿ?

ಅವ್ವ: ಹಸಿಮೆಣಸಿನಕಾಯಿ. ಅದಕ್ಕೂ ಲೈಸೆನ್ಸ್ ಬೇಕೇನು?