ಸಂಕೇತದ ಮೇಷ್ಟ್ರು

ಪ್ರತಿ ಪ್ರೌಢಶಾಲೆಯಲ್ಲೂ ಒಬ್ಬ ನಾಟಕದ ಮೇಷ್ಟ್ರು ಇದ್ದೇ ಇರುತ್ತಾರೆ. ಖಾದಿ ಜುಬ್ಬ, ಹೆಗಲಲ್ಲಿ ಜೋಳಿಗೆ, ಮೈಸೂರಿನ ಯಾವುದೋ ರಂಗಶಿಬಿರದ ಪ್ರಮಾಣಪತ್ರ. ಅವರ ಪಾಲಿಗೆ ಲೋಕದಲ್ಲಿರುವುದೆಲ್ಲ ಸಂಕೇತ. ಬಿಸಿಯೂಟದ ಸಾರಿಗೆ ಉಪ್ಪು ಕಡಿಮೆಯಾದರೂ ಅದು ವ್ಯವಸ್ಥೆಯ ಸಂಕೇತ.

ಇಂಥವರೊಬ್ಬರು ಪಾಲಾರ್ ಕಡೆಗೆ ವರ್ಗವಾಗಿ ಬಂದರು ಎನ್ನಿ. ಮಲೆ ಮಹದೇಶ್ವರ ಬೆಟ್ಟ ಇಳಿದು ಮೆಟ್ಟೂರಿನತ್ತ ಹೋಗುವ ದಾರಿಯಲ್ಲಿ ಕರ್ನಾಟಕ ಮುಗಿಯುವ ಜಾಗ. ಹೊಳೆ ದಾಟಿದರೆ ತಮಿಳುನಾಡು. ಬಂದ ವಾರವೇ ಘೋಷಣೆ: ವಾರ್ಷಿಕೋತ್ಸವಕ್ಕೆ ಒಂಬತ್ತನೇ ತರಗತಿಯವರಿಂದ ಗಿರೀಶ ಕಾರ್ನಾಡರ 1971ರ ‘ಹಯವದನ’. ನಾಯಕಿ ಪದ್ಮಿನಿಯ ಆಸೆಗಳೆಲ್ಲ ಮಕ್ಕಳಿಗೆ ಬೇಡವೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಉಳಿಯುವುದು ಒಬ್ಬ ಕುದುರೆ ತಲೆಯವ, ಒಬ್ಬ ಕಾಳಿ, ಅದಲುಬದಲಾದ ಎರಡು ತಲೆ.

“ಮಕ್ಕಳೇ, ಇದು ವಾಸ್ತವವಲ್ಲ, ಅದ್ಭುತ ಕಲ್ಪನೆ. ಹೆದರಬೇಡಿ.”

ಮಾದಪ್ಪ ಹುಲಿಯೇರಿ ಎಪ್ಪತ್ತೇಳು ಮಲೆ ಸುತ್ತಿದ್ದನ್ನು ಕಂಸಾಳೆಯವರ ಬಾಯಲ್ಲಿ ಕೇಳಿ ಬೆಳೆದವರು ಯಾಕೆ ಹೆದರುತ್ತಾರೆ? “ಕುದುರೆ ತಲೆಯವ್ನು ಹುರುಳಿ ತಿಂದನಾ, ಮುದ್ದೆ ತಿಂದನಾ ಸಾ?” ಎಂದಷ್ಟೇ ಕೇಳುತ್ತಾರೆ.

ಪದ್ಮಿನಿ ಸಾಯಹೊರಟಾಗ ಕಾಳಿ ಆಕಳಿಸುತ್ತಾ ಪ್ರತ್ಯಕ್ಷಳಾಗುತ್ತಾಳೆ. “ಇದು ದೈವದ ಔದಾಸೀನ್ಯದ ಸಂಕೇತ. ಅರ್ಥ ಆಯ್ತಾ?”

“ಶಿವರಾತ್ರಿ ಜಾತ್ರಲಿ ರಾತ್ರಿಯೆಲ್ಲ ಎದ್ದಿದ್ರ ಯಾರ್ಗಾದ್ರೂ ಆಕಳಿಕೆ ಬತ್ತದ ಸಾ,” ಎನ್ನುತ್ತಾಳೆ ಹಿಂದಿನ ಬೆಂಚಿನ ಹುಡುಗಿ.

ಆಮೇಲೆ ತೀರ್ಪಿನ ದೃಶ್ಯ. ಪದ್ಮಿನಿ ಮದುವೆಯಾದ ಕವಿ ದೇವದತ್ತನ ತಲೆ, ಅವನ ಗೆಳೆಯ, ಕಮ್ಮಾರರ ಮನೆಯ ಗಟ್ಟಿಗ ಕಪಿಲನ ಮೈಗೆ ಕೂತಿದೆ. ಪದ್ಮಿನಿಯ ಗಂಡ ಯಾರು? ಋಷಿ ತಲೆಗೇ ಹಿರಿತನ ಕೊಟ್ಟು, ದೇವದತ್ತನ ತಲೆಯಿರುವವನೇ ಗಂಡ ಎನ್ನುತ್ತಾನೆ. ದೇಹ, ಮನಸ್ಸು, ಅಸ್ಮಿತೆ ಎಂದು ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ಕೊರೆಯುತ್ತಾರೆ. ಬೆಲ್ಲು ಹೊಡೆಯುವ ಹೊತ್ತಿಗೆ ಒಬ್ಬ ಎದ್ದು ನಿಲ್ಲುತ್ತಾನೆ.

“ಫೋಟೊ ತಲೇದು, ಸರಿ ಸಾ. ಹೆಬ್ಬೆಟ್ಟು ಮೈಯಿದಲ್ವಾ? ದೇವದತ್ತನ ಕಾರ್ಡ್ ತಕ್ಕೊಂಡು ಸೊಸೈಟಿಗೆ ಹೋದ್ರ ಮಿಷನ್ನು ಒಪ್ಪಲ್ಲ. ಹೆಬ್ಬೆಟ್ಟು ಬರ್ನಿಲ್ಲ ಅಂದ್ರ ಅಕ್ಕಿ ಕೊಡಲ್ಲ.”

“ಕಪಿಲ ಹೊಳೆ ಆಚೆಯವ್ನಾದ್ರ?” ಇನ್ನೊಬ್ಬ. “ತಲೆ ಕರ್ನಾಟಕದ್ದು, ಮೈ ತಮಿಳುನಾಡಿಂದು. ವೋಟು ಎಲ್ಲಿ ಹಾಕ್ತನ?”

ತರಗತಿ ಎರಡು ಪಕ್ಷವಾಗುತ್ತದೆ. ತಲೆ ಪಕ್ಷ ಫೋಟೊ ಹಿಡಿದು ಕೂರುತ್ತದೆ, ಮೈ ಪಕ್ಷ ಹೆಬ್ಬೆರಳೆತ್ತಿ ತೋರಿಸುತ್ತದೆ. ಮನುಷ್ಯ ಅಂದರೆ ತಲೆಯೋ ಮೈಯೋ ಎಂದು ಕಾರ್ನಾಡರು ಕೇಳಿದ್ದನ್ನೇ ಹುಡುಗರು ಬೆಂಚು ಹತ್ತಿ ಕೂಗಾಡುತ್ತಿದ್ದಾರೆಂಬುದು ಮೇಷ್ಟ್ರಿಗೆ ಹೊಳೆಯುವುದಿಲ್ಲ. “ವಿಷಯಾಂತರ ಬೇಡ!” ಎಂದು ಮೇಜು ಕುಟ್ಟುತ್ತಾರೆ.

ವಾರ್ಷಿಕೋತ್ಸವದ ರಾತ್ರಿ ಋಷಿಯಾದ ಹುಡುಗ, ಜಾರುವ ಗಡ್ಡವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ತೀರ್ಪಿಗೆ ತನ್ನದೊಂದು ಬಾಲ ಸೇರಿಸುತ್ತಾನೆ: “ತಲೆ ವಿಚಾರ ನಾನು ಹೇಳಾಯ್ತು. ಹೆಬ್ಬೆಟ್ಟಿನ ವಿಚಾರಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ!” ಶಾಮಿಯಾನವೇ ಹಾರಿಹೋಗುವಂಥ ಚಪ್ಪಾಳೆ, ಶಿಳ್ಳೆ. ಪರದೆಯ ಹಿಂದೆ ಮೇಷ್ಟ್ರು ಬೆವರುತ್ತಾರೆ.

ಮುಖ್ಯ ಅತಿಥಿಗಳು ಬಂದು ಕೈಕುಲುಕಿ, “ಆ ಹೆಬ್ಬೆಟ್ಟಿನ ಡೈಲಾಗ್ ಇದೆಯಲ್ಲ, ಅದ್ಭುತ ಕಣ್ರೀ!” ಎನ್ನುತ್ತಾರೆ.

ಮೇಷ್ಟ್ರು ಜುಬ್ಬ ಸರಿಮಾಡಿಕೊಳ್ಳುತ್ತಾರೆ. “ಅದೊಂದು ಸಂಕೇತ ಸಾರ್.”